ಅರಸನ ನಾಡಿ

ಕೊಂಡವೀಡಿನ ಕೋಟೆ ಕೈವಶವಾದದ್ದು 1515ರ ನಡುವೇಳೆಗೆ. ಅಲ್ಲಿಂದ ಕೃಷ್ಣದೇವರಾಯನ ದಂಡು ಉತ್ತರಕ್ಕೆ ಸಾಗಿ ಕೃಷ್ಣಾ ನದಿಯ ದಡದ ಬೆಜವಾಡದತ್ತ ಬಂದಿತು. ಇಂದು ವಿಜಯವಾಡವೆನಿಸಿಕೊಳ್ಳುವ ಆ ಊರಿಗೆ ಆಗಲೂ ಇಂದ್ರಕೀಲಾದ್ರಿಯ ಕನಕದುರ್ಗೆಯೇ ಒಡತಿ. ರಾಯನು ತಾನೇ ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ ಕಾವ್ಯದ ಆರಂಭದಲ್ಲಿ ಈ ಬೀಡಿನ ನೆನಪಿದೆ: ಕಳಿಂಗದ ಮೇಲೆ ದಂಡೆತ್ತಿ ಹೊರಟು ವಿಜಯವಾಟಿಯಲ್ಲಿ ಕೆಲವು ದಿನ ತಂಗಿದ್ದು, ಅಲ್ಲಿಂದ ಶ್ರೀಕಾಕುಳದ ಆಂಧ್ರವಿಷ್ಣುವಿನ ದರ್ಶನಕ್ಕೆ ಹೋಗಿ ಉಪವಾಸವಿದ್ದದ್ದು, ಇರುಳಿನಲ್ಲಿ ದೇವರು ಕನಸಿಗೆ ಬಂದು ಕಾವ್ಯ ಬರೆಯೆಂದದ್ದು. (ಈ ಶ್ರೀಕಾಕುಳ ವಿಶಾಖಪಟ್ಟಣದಾಚೆಯ ಜಿಲ್ಲಾಕೇಂದ್ರವಲ್ಲ, ಕೃಷ್ಣೆಯ ದಂಡೆಯ ಒಂದು ಹಳ್ಳಿ.) ಕನಸಿನ ದೇವರು ಅರಸನನ್ನು ಕನ್ನಡರಾಯನೆಂದು ಕರೆದನೆಂಬುದನ್ನು ನಮ್ಮವರು ಆಗಾಗ ಹೆಮ್ಮೆಯಿಂದ ನೆನೆಯುತ್ತಾರೆ.

ಬೆಜವಾಡಕ್ಕೆ ಅಷ್ಟೇನೂ ದೂರವಿಲ್ಲದ ಕೊಂಡಪಲ್ಲಿ ಗಜಪತಿ ಪ್ರತಾಪರುದ್ರನ ಕೈಯಲ್ಲಿತ್ತು. ಇಂದು ಬಣ್ಣದ ಮರದ ಬೊಂಬೆಗಳಿಗೆ ಹೆಸರಾದ ಆ ಊರು ಅಂದು ಬೆಟ್ಟದ ಮೇಲಿನ ಬಲವಾದ ದುರ್ಗ. ಮೂರು ತಿಂಗಳ ಮುತ್ತಿಗೆಯ ಬಳಿಕ ಅದು ಬಿತ್ತೆಂದೂ, ಗಜಪತಿಯ ರಾಣಿಯೊಬ್ಬಳು, ಒಬ್ಬ ಮಗ ಮತ್ತು ಏಳು ಮಂದಿ ಸರದಾರರು ಸೆರೆ ಸಿಕ್ಕರೆಂದೂ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಮುಂದೆ ರಾಜಮಹೇಂದ್ರಿ, ಅದರ ಮುಂದೆ ಕಡಲಂಚಿನ ಕಳಿಂಗ. ಪೊಟ್ನೂರಿನಲ್ಲಿ ಜಯಸ್ತಂಭ ನೆಡಿಸಿ, 1516ರ ವಸಂತದಲ್ಲಿ ರಾಯನು ವಿಶಾಖಪಟ್ಟಣದ ಮಗ್ಗುಲಿನ ಸಿಂಹಾಚಲದ ಬೆಟ್ಟವೇರಿದ. ಜೊತೆಗೆ ಚಿನ್ನಾದೇವಿ, ತಿರುಮಲದೇವಿಯರು. ವರಾಹನರಸಿಂಹನಿಗೆ ಒಪ್ಪಿಸಿದ ಒಡವೆಗಳಲ್ಲಿ 991 ಮುತ್ತುಗಳ ಹಾರವೊಂದಿತ್ತೆಂದು ದೇವಾಲಯದ ಕಲ್ಲು ಹೇಳುತ್ತದೆ. ಮುತ್ತನ್ನು ಒಂದೊಂದಾಗಿ ಎಣಿಸಿ ಬರೆಸಿದ ಅರಸೊತ್ತಿಗೆ ಅದು. ಅರಸನ ಕಾಯಿಲೆಯ ಬಗ್ಗೆ ಮಾತ್ರ ಅದರ ಯಾವ ಕಲ್ಲೂ ತುಟಿ ಬಿಚ್ಚುವುದಿಲ್ಲ.

ಆ ಬೆಟ್ಟದ ದೇವರು ವರ್ಷವಿಡೀ ಗಂಧದ ಲೇಪದೊಳಗೆ ಮರೆಯಾಗಿದ್ದು ಅಕ್ಷಯ ತದಿಗೆಯೊಂದು ದಿನ ನಿಜರೂಪ ತೋರಿಸುತ್ತಾನೆ. ದೇವರಿಗೆ ಅದು ಸಲ್ಲುತ್ತದೆ. ಅರಸರೂ ಆ ಪದ್ಧತಿಯನ್ನೇ ಹಿಡಿದರೆ ಏನಾಗುತ್ತದೆಂಬುದೇ ಈ ಕಥನ.

ರಾಯನ ಮೈಕಟ್ಟು ಗುಟ್ಟಾಗಿರಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಅದನ್ನು ಅಳೆದು ತೂಗಿದಂತೆ ಬರೆದಿದ್ದಾನೆ. ಮಧ್ಯಮ ಎತ್ತರ, ಒಳ್ಳೆಯ ಮೈಬಣ್ಣ, ತೆಳುವಲ್ಲದ ದೇಹ, ಮುಖದ ಮೇಲೆ ಸಿಡುಬಿನ ಕಲೆಗಳು. ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ತಿಕ್ಕಿಸಿಕೊಂಡು, ಭಾರದ ಗುಂಡುಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ ಮಾಡಿ, ಜಟ್ಟಿಯೊಡನೆ ಕುಸ್ತಿಯಾಡಿ, ಆಮೇಲೆ ಕುದುರೆಯೇರಿ ಬಯಲಲ್ಲಿ ಓಡಿಸುವುದು ಆತನ ನಿತ್ಯಕ್ರಮ. ಅರಸನ ಬಲ ಎಲ್ಲರ ಕಣ್ಣಿಗೂ ಬೀಳಬೇಕು, ಹೊರನಾಡಿನವನೂ ನೋಡಿ ತನ್ನ ದೊರೆಗೆ ಬರೆದು ತಿಳಿಸಬೇಕು. ಇದು ಪ್ರದರ್ಶನ ಮಾತ್ರವಾಗಿರಲಿಲ್ಲ, ರಾಜ್ಯಭಾರದ ಒಂದು ಅಂಗವಾಗಿತ್ತು. ಬಲವನ್ನು ಹೀಗೆ ಬಯಲಲ್ಲಿಟ್ಟವರು ಬಲ ಕುಂದಿದ ದಿನ ಬಾಗಿಲು ಮುಚ್ಚಿಕೊಳ್ಳುವುದು ಸಹಜವೇ.

ಆ ಮನೆತನದಲ್ಲಿ ಬಾಗಿಲು ಮುಚ್ಚಿದ ಕೋಣೆಗಳ ಕಥೆ ಹಿಂದಿನಿಂದಲೂ ಇತ್ತು. 1509ರಲ್ಲಿ ಅಣ್ಣ ವೀರನರಸಿಂಹ ಸಾವಿನ ಹಾಸಿಗೆಯಲ್ಲಿದ್ದಾಗ, ತನ್ನ ಎಂಟು ವರ್ಷದ ಮಗನಿಗೆ ಪಟ್ಟ ಉಳಿಯಲೆಂದು, ತಮ್ಮ ಕೃಷ್ಣರಾಯನ ಕಣ್ಣು ಕೀಳಿಸಿ ತಂದು ತೋರಿಸೆಂದು ಮಂತ್ರಿ ಸಾಳುವ ತಿಮ್ಮರಸನಿಗೆ ಹೇಳಿದನಂತೆ. ತಿಮ್ಮರಸ ಆಡಿನ ಕಣ್ಣು ತಂದು ತೋರಿಸಿ ಕೃಷ್ಣರಾಯನನ್ನು ಉಳಿಸಿದನಂತೆ. ಇದೂ ನೂನಿಜ್ ಹೇಳುವ ಕಥೆ. ಆತ ಬರೆದದ್ದನ್ನೆಲ್ಲ ಇತಿಹಾಸಕಾರರು ಒಪ್ಪುವುದಿಲ್ಲ. ಆತ ವಿಜಯನಗರದಲ್ಲಿದ್ದದ್ದು 1535ರ ಸುಮಾರಿಗೆ, ಕೇಳಿದ ಮಾತುಗಳನ್ನು ಬರೆದುಕೊಂಡವನು. ಆದರೆ ನಮಗೆ ಇಲ್ಲಿ ಬೇಕಾದದ್ದೂ ಅದೇ. ಅರಮನೆ ಹೇಳದೆ ಬಿಟ್ಟಾಗ ಪೇಟೆಯಲ್ಲಿ ಏನು ಹೇಳಿಕೊಂಡರು ಎಂಬುದಕ್ಕೆ ಕುದುರೆ ವ್ಯಾಪಾರಿಗಿಂತ ಒಳ್ಳೆಯ ಸಾಕ್ಷಿ ಯಾರು?

1524ರಲ್ಲಿ ರಾಯನು ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿದ. ತಾನು ಮಂತ್ರಿಯ ಸ್ಥಾನದಲ್ಲಿ ನಿಂತ, ತಿಮ್ಮರಸನ ಮಗನನ್ನು ಎಳೆಯರಸನ ಮಂತ್ರಿಯಾಗಿಸಿದ. ಎಂಟು ತಿಂಗಳು ನಡೆದ ಉತ್ಸವದ ನಡುವೆಯೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ಯಾವ ಕಾಯಿಲೆ? ಯಾವ ವೈದ್ಯ ನಾಡಿ ಹಿಡಿದ, ಏನೆಂದ? ಒಂದು ಸಾಲೂ ಉಳಿದಿಲ್ಲ. ಉಳಿದದ್ದು ವಿಷದ ಮಾತು. ತಿಮ್ಮರಸನ ಮಗ ವಿಷವಿಕ್ಕಿದನೆಂದು ಯಾರೋ ರಾಯನ ಕಿವಿಗೆ ಹಾಕಿದರು. ಅಪ್ಪಾಜಿಯೆಂದು ತಾನೇ ಕರೆಯುತ್ತಿದ್ದ, ಉದಯಗಿರಿ ಕೊಂಡವೀಡುಗಳ ಗೆಲುವಿನಲ್ಲಿ ಬಲಗೈಯಾಗಿದ್ದ ಮುದುಕನನ್ನು ರಾಯನು ತುಂಬಿದ ಸಭೆಯಲ್ಲಿ ಹಿಡಿಸಿ ಸೆರೆಗೆ ತಳ್ಳಿದ. ಮಗ ತಪ್ಪಿಸಿಕೊಂಡು ಹೋಗಿ ಯುದ್ಧಕ್ಕೆ ನಿಂತು ಮತ್ತೆ ಸಿಕ್ಕಿಬಿದ್ದ. ಕೊನೆಗೆ ತಂದೆ ಮಕ್ಕಳ ಕಣ್ಣು ಕೀಳಿಸಲಾಯಿತು. ನೂನಿಜ್ ಹೇಳುವ ಈ ಕಥೆಯಲ್ಲಿ ವಿಷ ನಿಜವೋ ಜ್ವರ ನಿಜವೋ ಐದು ಶತಮಾನದ ಮೇಲೆ ನಿಂತು ತೀರ್ಪು ಕೊಡುವವರಾರು? ನನಗೆ ಕಾಣುವುದಿಷ್ಟು: ಮಗುವಿನ ಜ್ವರದ ಲೆಕ್ಕ ನಾಲ್ಕು ಜನ ವೈದ್ಯರ ಮುಂದೆ, ನಾಲ್ಕು ಜನ ಸರದಾರರ ಮುಂದೆ ದಿನದಿನವೂ ಒಪ್ಪಿಸಲ್ಪಟ್ಟಿದ್ದರೆ ವಿಷದ ಮಾತಿಗೆ ಅಷ್ಟು ಸುಲಭವಾಗಿ ಕಾಲು ಮೂಡುತ್ತಿರಲಿಲ್ಲ.

ಹಾಗಾದರೆ ಅರಮನೆಗಳು ಏಕೆ ಬಾಯಿ ಮುಚ್ಚಿಕೊಂಡವು? ನಾಚಿಕೆಗಲ್ಲ, ಶಾಸ್ತ್ರಕ್ಕೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಇದಕ್ಕೆಂದೇ ಒಂದು ಪ್ರಕರಣವಿದೆ. ಅರಸ ಸಾಯುವ ಸ್ಥಿತಿಗೆ ಬಂದರೆ ಅಮಾತ್ಯ ಏನು ಮಾಡಬೇಕು? ದೇಶದ ಪೀಡಾಪರಿಹಾರಕ್ಕೋ ಶತ್ರುನಾಶಕ್ಕೋ ಆಯುಸ್ಸಿಗೋ ಪುತ್ರಪ್ರಾಪ್ತಿಗೋ ಅರಸ ವ್ರತದಲ್ಲಿದ್ದಾನೆಂದು ಸಾರಿ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ದರ್ಶನ ಕೊಡಿಸಬೇಕು. ಸಮಯ ನೋಡಿ ಅರಸನ ವೇಷ ತೊಟ್ಟ ಬೇರೊಬ್ಬನನ್ನು ಪ್ರಜೆಗಳಿಗೂ ದೂತರಿಗೂ ತೋರಿಸಬೇಕು. ಅಷ್ಟರೊಳಗೆ ಬೊಕ್ಕಸ, ದಂಡು, ದುರ್ಗ, ರಾಜಕುಮಾರರು ಎಲ್ಲವನ್ನೂ ಹಿಡಿತಕ್ಕೆ ತಂದುಕೊಳ್ಳಬೇಕು. ಕೌಟಿಲ್ಯನಿಗೆ ಅರಸನ ಮಾನದ ಚಿಂತೆಯಿಲ್ಲ. ಸಿಂಹಾಸನ ಬರಿದಾದ ಸುದ್ದಿ ಸಾಮಂತನಿಗೆ ತಲುಪುವ ಮೊದಲು ಮುಂದಿನವನು ಅದರ ಮೇಲೆ ಕೂತಿರಬೇಕೆಂಬುದೊಂದೇ ಚಿಂತೆ.

ಆ ಚಿಂತೆ ಸುಳ್ಳಾಗಿರಲಿಲ್ಲ. ಬೆಳಗಾವಿಯ ಮೇಲೆ ಏರಿಹೋಗಲು ಸಿದ್ಧತೆ ನಡೆಸುತ್ತಿದ್ದ ಹೊತ್ತಿನಲ್ಲಿ ಕೃಷ್ಣದೇವರಾಯ ಮಲಗಿದ. ತೊಡೆಸಂದಿನ ನೋವು, ಆ ವಂಶದ ಅರಸರೆಲ್ಲ ಸತ್ತದ್ದೂ ಅದರಿಂದಲೇ ಎನ್ನುತ್ತಾನೆ ನೂನಿಜ್. ಆದರೆ ಈ ಸಲ ರಾಯನು ಅಣ್ಣನ ದಾರಿ ಹಿಡಿಯಲಿಲ್ಲ. ಉಳಿದಿದ್ದ ಮಗನಿಗೆ ಒಂದೂವರೆ ವರ್ಷ, ಅವನಿಂದ ರಾಜ್ಯ ನಡೆಯದು. ಚಂದ್ರಗಿರಿಯ ಕೋಟೆಯಲ್ಲಿ ಇರಿಸಿದ್ದ ತಮ್ಮ ಅಚ್ಯುತನೇ ಅರಸನಾಗಲಿ ಎಂದು ಸಾಯುವ ಮೊದಲೇ ಹೇಳಿಟ್ಟ. ಅಚ್ಯುತ ಬರುವವರೆಗೆ ರಾಜಧಾನಿಯನ್ನು ಸಾಳುವ ನಾಯಕ ಕಾದ. ಅಳಿಯ ರಾಮರಾಯ ಎಳೆಮಗುವಿನ ಹೆಸರಿನಲ್ಲಿ ಆಳುವ ಲೆಕ್ಕ ಹಾಕಿದ್ದನೆಂದು ಹೇಳುವುದುಂಟು, ಅದು ಆಗ ನಡೆಯಲಿಲ್ಲ. ಹೊರಗಿನವರು ಮಾತ್ರ ಸುಮ್ಮನಿರಲಿಲ್ಲ. ಗಜಪತಿ ಮತ್ತೆ ತಲೆಯೆತ್ತಿದ, ಆದಿಲ್‌ಶಾಹ ರಾಯಚೂರು ಮುದಗಲ್ಲುಗಳನ್ನು ಮರಳಿ ಕಿತ್ತುಕೊಂಡ. ಇಷ್ಟಾದರೂ ರಾಜಧಾನಿಯೊಳಗೆ ರಕ್ತ ಹರಿಯಲಿಲ್ಲ. ಹಾಸಿಗೆಯಲ್ಲಿ ಮಲಗಿದವನು ಮುದ್ರೆ ಯಾರಿಗೆಂದು ಹೇಳಿದ್ದ.

ಆ ಸಾವಿನ ದಿನ ನಮಗೆ ಖಚಿತವಾಗಿ ಗೊತ್ತಾದದ್ದು ತೀರ ಈಚೆಗೆ. ತುಮಕೂರು ಜಿಲ್ಲೆಯ ಹೊನ್ನೇನಹಳ್ಳಿಯ ಗೋಪಾಲಕೃಷ್ಣ ದೇವಾಲಯದ ಬಳಿಯ ಕನ್ನಡ ಶಾಸನವೊಂದು 2022ರಲ್ಲಿ ಬೆಳಕಿಗೆ ಬಂತು. 1529ರ ಅಕ್ಟೋಬರ್ 17, ಚಂದ್ರಗ್ರಹಣದ ದಿನ, ರಾಯನು ತೀರಿಕೊಂಡನೆಂದೂ, ತುಮಕೂರಿನ ವೀರಪ್ರಸನ್ನ ಹನುಮಂತನ ಪೂಜೆಗಾಗಿ ಆ ಹಳ್ಳಿಯನ್ನು ಬಿಟ್ಟುಕೊಡಲಾಯಿತೆಂದೂ ಅದರಲ್ಲಿದೆ. ಅರಸರ ಸಾವನ್ನು ಶಾಸನದಲ್ಲಿ ಬರೆಯುವ ರೂಢಿಯೇ ಇಲ್ಲದ ಕಾಲದಲ್ಲಿ ಹಳ್ಳಿಯ ಕಲ್ಲೊಂದು ಈ ಮಾತನ್ನು ಹೇಳಿತು. ಹಂಪಿಯ ಅಷ್ಟೊಂದು ಕಲ್ಲುಗಳು ಹೇಳಲಿಲ್ಲ.

ಕೌಟಿಲ್ಯನ ಪಾಠವನ್ನು ಅಕ್ಷರಕ್ಷರ ನಡೆಸಿದವರು ಆಮೇಲೂ ಇದ್ದರು. 1782ರ ಡಿಸೆಂಬರ್‌ನಲ್ಲಿ, ಇಂದಿನ ಆಂಧ್ರದ ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿ ಬೆನ್ನುಫಣಿಯಿಂದ ಸತ್ತ. ಮಗ ಟಿಪ್ಪು ಮಲಬಾರಿನಲ್ಲಿದ್ದ, ಇಂಗ್ಲಿಷರೊಡನೆ ಯುದ್ಧ ನಡೆದೇ ಇತ್ತು. ಹೈದರನ ಅಧಿಕಾರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಸುದ್ದಿಯನ್ನು ಹೊರಬಿಡಲಿಲ್ಲ. ಶವವನ್ನು ಪೆಟ್ಟಿಗೆಯಲ್ಲಿಟ್ಟು ಬೊಕ್ಕಸದ ಹೊರೆಯೆಂಬಂತೆ ಕೋಲಾರಕ್ಕೆ ಕಳಿಸಿದರು. ಮುಚ್ಚಿದ ಮೇನೆಯೊಂದು ದಂಡಿನೊಡನೆ ಸಾಗುತ್ತಿತ್ತು, ನವಾಬರು ಒಳಗಿದ್ದಾರೆಂದು ಎಲ್ಲರೂ ಸಲಾಂ ಮಾಡುತ್ತಿದ್ದರು. ಗುಟ್ಟು ತಿಳಿದ ಕೆಲವರು ಹೈದರನ ಕಿರಿಯ ಮಗನನ್ನು ಮುಂದಿಟ್ಟು ಹೂಡಿದ ಒಳಸಂಚನ್ನೂ ಸದ್ದಿಲ್ಲದೆ ಅಡಗಿಸಿದರು. ಟಿಪ್ಪು ಬಂದು ಸೇರಿದ, ದಂಡು ಚದುರಲಿಲ್ಲ. ಮುಚ್ಚಿಡುವಿಕೆಯ ಪರವಾಗಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪೂರ್ಣಯ್ಯನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಅವರ ಮುಂದಿದ್ದದ್ದು ಮತದಾರರಲ್ಲ, ಶತ್ರುಸೈನ್ಯ. ಅವರು ಮುಚ್ಚಿಟ್ಟದ್ದು ಕೆಲವು ವಾರ, ವರ್ಷಗಟ್ಟಲೆಯಲ್ಲ.

ಈಗ ಮತ್ತೆ ಕೃಷ್ಣೆಯ ದಡಕ್ಕೆ, ಮತದಾರರ ಕಾಲಕ್ಕೆ. 1923 ಆ ಸೀಮೆಗೆ ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ಆ ಮೇ ತಿಂಗಳಲ್ಲಿ ಕೃಷ್ಣಾ ಜಿಲ್ಲೆಯ ನಿಮ್ಮಕೂರಿನಲ್ಲಿ ನಂದಮೂರಿ ತಾರಕ ರಾಮರಾವ್ ಹುಟ್ಟಿದರು. ಜುಲೈನಲ್ಲಿ ವಿಶಾಖಪಟ್ಟಣದಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು, ಕಿಂಗ್ ಜಾರ್ಜ್ ಆಸ್ಪತ್ರೆ ಅದಕ್ಕೆ ಜೋಡಿ. ರಾಮರಾವ್ ವಿಜಯವಾಡದಲ್ಲಿ ಓದಿ ಬೆಳೆದರು, ಸಿನಿಮಾದಲ್ಲಿ ರಾಮನೂ ಕೃಷ್ಣನೂ ಆದರು. ರಾಯನ ಪಾತ್ರವನ್ನೂ ಮಾಡಿದರು. 1982ರ ಮಾರ್ಚ್‌ನಲ್ಲಿ ತೆಲುಗು ದೇಶಂ ಕಟ್ಟಿ, ಹಳೆಯ ಷೆವರ್ಲೆ ವ್ಯಾನಿಗೆ ಚೈತನ್ಯರಥವೆಂದು ಹೆಸರಿಟ್ಟು ಊರೂರು ಸುತ್ತಿ, 1983ರ ಜನವರಿಯಲ್ಲಿ 294 ಸ್ಥಾನಗಳ ಸಭೆಯಲ್ಲಿ ಇನ್ನೂರು ದಾಟಿದರು. ಆ ಮೇ 28ರ ಹುಟ್ಟುಹಬ್ಬಕ್ಕೆ ವಿಜಯವಾಡದಲ್ಲಿ ದೇಶದ ವಿರೋಧ ಪಕ್ಷಗಳ ನಾಯಕರನ್ನು ಕೂಡಿಸಿದರು. ಕಾಶ್ಮೀರದಿಂದ ಫಾರೂಕ್ ಅಬ್ದುಲ್ಲಾ ಬಂದಿದ್ದರು. ಅವರ ಸರ್ಕಾರ ಉರುಳಿದ್ದು 1984ರ ಜುಲೈನಲ್ಲಿ. ಮುಂದಿನ ಸರದಿ ಯಾರದೆಂದು ಹೈದರಾಬಾದಿನಲ್ಲಿ ಕೇಳತೊಡಗಿದರು.

ಅದೇ ಹೊತ್ತಿಗೆ ರಾಮರಾಯರ ಹೃದಯ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಗೆ ಅಮೆರಿಕಕ್ಕೆ ಹೋದರು. ಬೈಪಾಸ್ ಆಯಿತೆಂಬುದು ಗುಟ್ಟೇನೂ ಆಗಿರಲಿಲ್ಲ. ರೊಟೀನ್ ಚೆಕಪ್ಪಿಗೆ ಹೋಗಿದ್ದಾರೆ, ವಿಶ್ರಾಂತಿಯಲ್ಲಿದ್ದಾರೆ ಎಂಬ ನಮ್ಮ ಕಾಲದ ಸಿದ್ಧಮಾತುಗಳ ಮರೆ ಅಲ್ಲಿ ಬೇಕಾಗಲಿಲ್ಲ. ಆಗಸ್ಟ್ 14ರಂದು ಮರಳಿ ಬಂದರು, ಎದೆಯ ಹೊಲಿಗೆ ಇನ್ನೂ ಹಸಿ. 16ರಂದು ರಾಜ್ಯಪಾಲ ರಾಮಲಾಲ್ ರಾಮರಾಯರನ್ನು ಪದವಿಯಿಂದ ಇಳಿಸಿ, ಪಕ್ಷದ ಎರಡನೆಯ ಆಳು, ಹಣಕಾಸು ಮಂತ್ರಿ ನಾದೆಂಡ್ಲ ಭಾಸ್ಕರರಾಯರಿಗೆ ಪ್ರಮಾಣವಚನ ಬೋಧಿಸಿದರು. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆಂದ ರಾಮರಾಯರ ಬೇಡಿಕೆ ಬಿದ್ದುಹೋಯಿತು. ಶಾಸಕರನ್ನು ಕರೆದುಕೊಂಡು ರಾಜಭವನಕ್ಕೆ ಹೋದವರನ್ನು ಪೊಲೀಸರು ಹಿಡಿದರು.

ಮುಂದಿನ ತಿಂಗಳ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವಿದೆ. ಶಾಸಕರು ಕೈಜಾರದಂತೆ ಅವರನ್ನು ರಾಜ್ಯದ ಹೊರಗೆ ಇಡಬೇಕಿತ್ತು. ಬೆಂಗಳೂರಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರವಿತ್ತು. ತೆಲುಗು ದೇಶಂ ಶಾಸಕರ ಪಾಳೆಯ ನಂದಿಬೆಟ್ಟದಲ್ಲಿ, ಮೈಸೂರಿನ ದಾಸಪ್ರಕಾಶ್ ಹೋಟೆಲಿನಲ್ಲಿ ಬೀಡುಬಿಟ್ಟಿತು. ರೆಸಾರ್ಟ್ ರಾಜಕೀಯವೆಂದು ಇಂದು ನಾವು ಮೂಗು ಮುರಿಯುವ ಪದ್ಧತಿಯ ಮೊದಮೊದಲ ಆತಿಥ್ಯ ನಮ್ಮದೇ. ಅರ್ಥಶಾಸ್ತ್ರದ ಓಲೆಗರಿ ಸಿಕ್ಕ ಊರಿನಲ್ಲಿ, ಅಮಾತ್ಯನೊಬ್ಬನ ಕೈಗೆ ಸಿಗದಂತೆ ಜನಪ್ರತಿನಿಧಿಗಳು ಇಸ್ಪೀಟಾಡುತ್ತ ಕೂತಿದ್ದರೆ ಕೌಟಿಲ್ಯ ಏನೆನ್ನುತ್ತಿದ್ದನೋ!

ರಾಮರಾವ್ ದಿಲ್ಲಿಗೆ ಹೋದರು. ನೂರರವತ್ತರ ಆಸುಪಾಸು ಶಾಸಕರು ಜೊತೆಗಿದ್ದರು. ರಾಷ್ಟ್ರಪತಿ ಜೈಲ್‌ಸಿಂಗರ ಮುಂದೆ ತಲೆಯೆಣಿಸಿ ನಿಲ್ಲಿಸುವಾಗ ರಾಮರಾವ್ ಗಾಲಿಕುರ್ಚಿಯಲ್ಲಿದ್ದರು. ಕಾವಿಬಟ್ಟೆ, ಸೊರಗಿದ ಮುಖ, ಕುರ್ಚಿಯ ಹಿಂದೆ ಸಾಲುಗಟ್ಟಿದ ಶಾಸಕರು: ಆ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಆಂಧ್ರದಲ್ಲಿ ಬಂದ್, ಮೆರವಣಿಗೆ, ಗೋಲಿಬಾರು, ಸಾವುಗಳು. ಆಗಸ್ಟ್ ಮುಗಿಯುವುದರೊಳಗೆ ರಾಮಲಾಲ್ ಹೋಗಿ ಶಂಕರದಯಾಳ್ ಶರ್ಮ ರಾಜಭವನಕ್ಕೆ ಬಂದರು. ಸೆಪ್ಟೆಂಬರ್ 16ರಂದು, ಇಳಿಸಿದ ಸರಿಯಾಗಿ ಒಂದು ತಿಂಗಳಿಗೆ, ರಾಮರಾವ್ ಮತ್ತೆ ಮುಖ್ಯಮಂತ್ರಿಯಾದರು. 20ರಂದು ಸದನದ ವಿಶ್ವಾಸ ಪಡೆದರು. ಇಂದಿರಾ ಹತ್ಯೆಯ ಅನುಕಂಪದ ಅಲೆಯಲ್ಲಿ ದೇಶವೆಲ್ಲ ಕಾಂಗ್ರೆಸ್ಸಿಗೆ ಒಲಿದ ಆ ಡಿಸೆಂಬರ್‌ನಲ್ಲೂ ಆಂಧ್ರದ 42 ಲೋಕಸಭಾ ಸ್ಥಾನಗಳಲ್ಲಿ 30 ತೆಲುಗು ದೇಶಂಗೆ ಬಂದವು.

ಕಾಯಿಲೆಯನ್ನು ಬಯಲು ಮಾಡಿದ್ದರಿಂದಲೇ ಕುರ್ಚಿ ಹೋಯಿತು, ಕೌಟಿಲ್ಯನೇ ಸರಿ ಎಂದು ವಾದಿಸಬಹುದು. ನಾನು ಹಾಗೆ ಓದುವುದಿಲ್ಲ. ಭಾಸ್ಕರರಾಯರಿಗೆ ಬೇಕಿದ್ದದ್ದು ಮುಖ್ಯಮಂತ್ರಿಯ ಗೈರುಹಾಜರಿ. ಅದು ಗುಟ್ಟಿನ ಶಸ್ತ್ರಚಿಕಿತ್ಸೆಯಿಂದಲೂ ಸಿಗುತ್ತಿತ್ತು. ಅವರಿಗೆ ಲೆಕ್ಕ ಸಿಗದೆ ಹೋದದ್ದು ಬೀದಿ. ಎದೆ ಕೊಯ್ಸಿಕೊಂಡು ಬಂದು ಎರಡು ದಿನವಾಗಿಲ್ಲದವನನ್ನು ಇಳಿಸಿದರೆಂಬ ಒಂದೇ ಸಾಲು ಕೂಲಿಯವನಿಗೂ ಕೂಡಲೇ ಅರ್ಥವಾಯಿತು, ಏಕೆಂದರೆ ಕಾಯಿಲೆಯ ಸಂಗತಿ ಅವನಿಗೆ ಮೊದಲೇ ಗೊತ್ತಿತ್ತು. ಕಾಯಿಲೆ ಮುಚ್ಚಿಟ್ಟು ಹೋಗಿದ್ದರೆ ಅದೇ ಆಗಸ್ಟ್ 16ರಂದು ರಾಜ್ಯಪಾಲರ ಕಡೆಯವರು, ನಿಮ್ಮ ನಾಯಕ ನಿಮಗೇ ಸುಳ್ಳು ಹೇಳಿದವನು, ರಾಜ್ಯ ನಡೆಸಲಾರದವನು ಎನ್ನಬಹುದಿತ್ತು. ಹಾಗೆಂದು ಗಾಲಿಕುರ್ಚಿಯ ದೃಶ್ಯದಲ್ಲಿ ನಟ ಇರಲೇ ಇಲ್ಲವೆಂದಲ್ಲ. ಮುನ್ನೂರರಷ್ಟು ಸಿನಿಮಾಗಳಲ್ಲಿ ಅಭಿನಯಿಸಿದವರಿಗೆ ಕ್ಯಾಮೆರಾ ಎಲ್ಲಿದೆಯೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಹೇಳಿದ ಕಾಯಿಲೆ ಬಂಡವಾಳವೂ ಆಗಬಲ್ಲದು. ಈ ಮಾತನ್ನು ಬಿಟ್ಟು ಪಾರದರ್ಶಕತೆಯನ್ನು ಹೊಗಳುವವರು ಅರ್ಧ ಕಥೆ ಹೇಳುತ್ತಿರುತ್ತಾರೆ.

ಆ ವರ್ಷವೇ ಪಕ್ಕದ ನಾಡಿನಲ್ಲಿ ಇನ್ನೊಬ್ಬ ನಟ, ಇನ್ನೊಬ್ಬ ಮುಖ್ಯಮಂತ್ರಿ ಮಲಗಿದ್ದರು. ಎಂ.ಜಿ. ರಾಮಚಂದ್ರನ್ ಅಕ್ಟೋಬರ್‌ನಲ್ಲಿ ಮದ್ರಾಸಿನ ಅಪೊಲೊ ಸೇರಿದರು. ಮೂತ್ರಪಿಂಡ ಸೋತಿತ್ತು, ಪಾರ್ಶ್ವವಾಯು ಬಡಿದಿತ್ತು. ನವೆಂಬರ್‌ನಲ್ಲಿ ಅವರನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಒಯ್ದರು. ಡಿಸೆಂಬರ್ ಚುನಾವಣೆಗೆ ಆಂಡಿಪಟ್ಟಿಯಲ್ಲಿ ನಾಮಪತ್ರ ಬಿತ್ತು. ಅಭ್ಯರ್ಥಿ ಮಾತ್ರ ಬರಲಿಲ್ಲ, ಬಂದದ್ದು ಆಸ್ಪತ್ರೆಯಲ್ಲಿ ತೆಗೆದ ಚಿತ್ರ. ಅದನ್ನು ಊರೂರಲ್ಲಿ ತೋರಿಸಿದರು, ಜನ ಗೆಲ್ಲಿಸಿದರು. ಎರಡು ಸಾವಿರ ವರ್ಷದ ಹಿಂದಿನ ತಿಂಗಳಿಗೊಮ್ಮೆಯ ದರ್ಶನಕ್ಕೆ ವಿಡಿಯೊ ಕ್ಯಾಸೆಟ್ಟಿನ ರೂಪ. ಮರಳಿ ಬಂದು 1987ರವರೆಗೆ ಆಳಿದರು, ಮಾತು ಮಾತ್ರ ಮೊದಲಿನಂತೆ ಬರಲಿಲ್ಲ. ಅಷ್ಟು ದಿನ ಫೈಲುಗಳ ಮೇಲೆ ನಿಜವಾಗಿ ಯಾರ ಮನಸ್ಸು ಓಡುತ್ತಿತ್ತೆಂದು ಕೇಳುವುದು ಅಭಿಮಾನಿಗಳಿಗೆ ದ್ರೋಹವಾಗಿ ಕಂಡಿತು. ಅದೇ ಪಕ್ಷದಲ್ಲಿ, 2016ರಲ್ಲಿ, ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 75 ದಿನ ಅದೇ ಅಪೊಲೊದಲ್ಲಿದ್ದು ತೀರಿಕೊಂಡಾಗ ಎಳೆಯರಸ ತಿರುಮಲನ ಕಾಲದ ಪಿಸುಮಾತು ಹೊಸ ವೇಷದಲ್ಲಿ ಬಂತು. ಒಬ್ಬ ನಿವೃತ್ತ ನ್ಯಾಯಮೂರ್ತಿಯ ಆಯೋಗ ಕೂತು, ವರ್ಷಗಟ್ಟಲೆ ಸಾಕ್ಷಿ ಕೇಳಿ 2022ರಲ್ಲಿ ವರದಿ ಕೊಟ್ಟ ಮೇಲೂ ಪಿಸುಮಾತು ನಿಂತಿಲ್ಲ. ಈ ಸಲ ಯಾರ ಕಣ್ಣೂ ಹೋಗಲಿಲ್ಲವೆಂಬುದೇ ಪ್ರಜಾಪ್ರಭುತ್ವದ ಲಾಭ.

ಕೌಟಿಲ್ಯನ ಸಲಹೆಗೆ ಕಾರಣವಾಗಿದ್ದ ಭಯ ಇಂದು ಇರಬಾರದು. ಮುಖ್ಯಮಂತ್ರಿ ಮಲಗಿದರೆ ಗಡಿಯ ಮೇಲೆ ಆದಿಲ್‌ಶಾಹ ಏರಿಬರುವುದಿಲ್ಲ. ಆದರೂ ಬಾಗಿಲು ಮುಚ್ಚುವುದು ನಿಂತಿಲ್ಲ, ಏಕೆಂದರೆ ನಮ್ಮ ಪಕ್ಷಗಳು ಇನ್ನೂ ಒಬ್ಬನ ಮೈಮೇಲೆ ನಿಂತ ರಾಜ್ಯಗಳು. ಆ ಒಬ್ಬನ ಎದೆಯ ಬಡಿತ ತಪ್ಪಿದರೆ ಟಿಕೆಟ್ಟು, ಗುತ್ತಿಗೆ, ಮಂತ್ರಿಗಿರಿ ಎಲ್ಲವೂ ಅಲುಗುತ್ತವೆ. 1989ರ ಚುನಾವಣೆಯ ಹೊಸ್ತಿಲಲ್ಲಿ ರಾಮರಾಯರಿಗೆ ಪಾರ್ಶ್ವವಾಯು ತಗಲಿ ಪ್ರಚಾರಕ್ಕೆ ಇಳಿಯಲಾಗದಾಗ ಪಕ್ಷ ಸೋತಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ರಥಕ್ಕೆ ಎರಡನೆಯ ಸಾರಥಿ ಇರಲಿಲ್ಲವೆಂಬುದು ಕಣ್ಣಿಗೆ ಕಂಡಿತು.

1984ರ ಬೈಪಾಸ್ ಇನ್ನೊಂದು ಮುಜುಗರದ ಪ್ರಶ್ನೆಯನ್ನೂ ಬಯಲಿಗೆ ತಂದಿತು. ವಿಶಾಖಪಟ್ಟಣದ ಕಾಲೇಜು ಹುಟ್ಟಿ ಅರವತ್ತು ವರ್ಷ ದಾಟಿದ ಮೇಲೂ ಮುಖ್ಯಮಂತ್ರಿಯ ಎದೆಗೆ ಸಾಗರ ದಾಟಬೇಕಾಯಿತಲ್ಲ! ಆ ಕಾಲೇಜಿನಲ್ಲೇ ಓದಿ ಅಮೆರಿಕದಲ್ಲಿ ಹೆಸರು ಮಾಡಿದ್ದ ಕೃಷ್ಣಾ ಜಿಲ್ಲೆಯ ರೇಡಿಯಾಲಜಿಸ್ಟ್ ಕಾಕರ್ಲ ಸುಬ್ಬರಾವ್ ಅವರನ್ನು ರಾಮರಾವ್ ಕರೆಸಿ ಹೈದರಾಬಾದಿನ ನಿಜಾಮ್ ವೈದ್ಯವಿಜ್ಞಾನ ಸಂಸ್ಥೆಯನ್ನು ಒಪ್ಪಿಸಿದರು. 1986ರಲ್ಲಿ ವಿಜಯವಾಡದಲ್ಲಿ ಆರೋಗ್ಯ ವಿಶ್ವವಿದ್ಯಾಲಯ ತೆರೆಯಿತು. ಇದಕ್ಕೆಲ್ಲ ಆ ಶಸ್ತ್ರಚಿಕಿತ್ಸೆಯೊಂದೇ ಕಾರಣವೆನ್ನಲಾರೆ. ಆದರೆ ನಾಡಿಗೆಲ್ಲ ಗೊತ್ತಿದ್ದ ಕಾಯಿಲೆಗೆ ನಾಡಿನೊಳಗೆ ಮದ್ದೇಕಿಲ್ಲವೆಂಬ ಪ್ರಶ್ನೆಯೂ ಬೆನ್ನು ಹತ್ತುತ್ತದೆ. ಮುಚ್ಚಿಟ್ಟ ಕಾಯಿಲೆಗೆ ಆ ಕಾಟವಿಲ್ಲ. (ಆ ವಿಶ್ವವಿದ್ಯಾಲಯಕ್ಕೆ 1998ರಲ್ಲಿ ಎನ್‌ಟಿಆರ್ ಹೆಸರು, 2022ರಲ್ಲಿ ವೈಎಸ್‌ಆರ್ ಹೆಸರು, 2024ರಲ್ಲಿ ಮರಳಿ ಎನ್‌ಟಿಆರ್ ಹೆಸರು. ನಮ್ಮ ದೊರೆಗಳಿಗೆ ಆಸ್ಪತ್ರೆಯ ಬಾಗಿಲಲ್ಲಿ ಕಾಣಿಸಿಕೊಳ್ಳಲು ಇಷ್ಟ, ಹಾಸಿಗೆಯ ಮೇಲೆ ಕಷ್ಟ.)

ಹಾಗಾದರೆ ಎಷ್ಟು ಹೇಳಬೇಕು? ಇಲ್ಲಿ ಎದುರುವಾದವೂ ಗಟ್ಟಿಯಾಗಿಯೇ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದರು. ಮುಖ್ಯಮಂತ್ರಿಯಾದವನು ಆ ಹಕ್ಕನ್ನು ಪ್ರಮಾಣವಚನದ ವೇದಿಕೆಯಲ್ಲಿ ಕಳಚಿಟ್ಟು ಬರುವುದಿಲ್ಲ. ಯಾವ ಅಂಗ, ಯಾವ ಗಡ್ಡೆ, ಯಾವ ಔಷಧ, ಇನ್ನೆಷ್ಟು ದಿನ ಬದುಕು ಎಂಬುದೆಲ್ಲ ಹಾಸಿಗೆಯ ಸುತ್ತ ನಿಂತವರದು. ಟಿವಿ ಪರದೆಯ ಮೇಲೆ ಸ್ಕ್ಯಾನ್ ವರದಿ ಓದುವವರನ್ನು ಕಂಡರೆ ನನಗೆ ನೂನಿಜನ ಪೇಟೆಯ ಮಾತೇ ಮೇಲೆನಿಸುತ್ತದೆ. ಆದರೆ ಮುದ್ರೆ ಈಗ ಯಾರ ಕೈಯಲ್ಲಿದೆ, ಎಲ್ಲಿಯವರೆಗೆ, ಮಲಗಿದವನು ಓದಿ ತಿಳಿದು ಸಹಿ ಹಾಕಬಲ್ಲನೇ, ಇದು ನಾಡಿನ ಸ್ವತ್ತು. ಅಮೆರಿಕದವರು 1967ರ ಇಪ್ಪತ್ತೈದನೆಯ ತಿದ್ದುಪಡಿಯಲ್ಲಿ ಅಧ್ಯಕ್ಷನ ಅಸಾಮರ್ಥ್ಯಕ್ಕೆ ಒಂದು ವಿಧಾನ ಬರೆದುಕೊಂಡರು. ನಮ್ಮ ಸಂವಿಧಾನದಲ್ಲಿ ಮುಖ್ಯಮಂತ್ರಿಗೆ ಅಂಥದ್ದಿಲ್ಲ. ಸಾಯುತ್ತ ಮಲಗಿದ ಕೃಷ್ಣದೇವರಾಯ ಮಾಡಿದಷ್ಟನ್ನಾದರೂ ನಾವು ಕಾನೂನಾಗಿ ಬರೆದುಕೊಂಡಿಲ್ಲ. ಹೀಗಾಗಿ ಪ್ರತಿ ಸಲವೂ ಎಲ್ಲವೂ ಸ್ಥಿರವಾಗಿದೆಯೆನ್ನುವ ಹೆಲ್ತ್ ಬುಲೆಟಿನ್ ಒಂದು ಕಡೆ, ಎಲ್ಲವೂ ಮುಗಿಯಿತೆನ್ನುವ ಗಾಳಿಸುದ್ದಿ ಇನ್ನೊಂದು ಕಡೆ.

2023ರ ಸೆಪ್ಟೆಂಬರ್‌ನಲ್ಲಿ ರಾಮರಾಯರ ಅಳಿಯ, ಮಾಜಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರ ಬಂಧನವಾಯಿತು. ವಿಜಯವಾಡದ ನ್ಯಾಯಾಲಯ ಅವರನ್ನು ರಾಜಮಹೇಂದ್ರಿಯ ಸೆರೆಮನೆಗೆ ಕಳಿಸಿತು. ಎಪ್ಪತ್ಮೂರರ ವಯಸ್ಸು. ತೂಕ ಇಳಿದಿದೆ, ಚರ್ಮಕ್ಕೆ ಅಲರ್ಜಿಯಾಗಿದೆ, ಕಣ್ಣಿಗೆ ಪೊರೆ ಬಂದಿದೆ ಎಂದು ಮನೆಯವರು. ಆರೋಗ್ಯ ಚೆನ್ನಾಗಿದೆ ಎಂದು ಸೆರೆಮನೆಯ ಬುಲೆಟಿನ್. ರೋಗಿ ಒಬ್ಬರೇ, ತಕ್ಕಡಿ ಎರಡು. ಎರಡು ಬಣಗಳೂ ಅವರ ಮೈಯನ್ನು ಬೀದಿಗೆ ತಂದವು, ಒಂದು ಕನಿಕರಕ್ಕೆ, ಇನ್ನೊಂದು ಅದನ್ನು ತಡೆಯುವುದಕ್ಕೆ. ಅಕ್ಟೋಬರ್ 31ರಂದು ಹೈಕೋರ್ಟು ಬಲಗಣ್ಣಿನ ಶಸ್ತ್ರಚಿಕಿತ್ಸೆಗೆಂದು ನಾಲ್ಕು ವಾರದ ಮಧ್ಯಂತರ ಜಾಮೀನು ಕೊಟ್ಟಿತು. ಜೊತೆಗೊಂದು ಷರತ್ತು: ಯಾವ ಆಸ್ಪತ್ರೆ, ಯಾವ ಚಿಕಿತ್ಸೆ ಎಂಬ ವಿವರ ಮುಚ್ಚಿದ ಲಕೋಟೆಯಲ್ಲಿ ಸೆರೆಮನೆಯ ಅಧೀಕ್ಷಕರಿಗೆ ಸಲ್ಲಬೇಕು. ನವೆಂಬರ್ 20ರಂದು ಪೂರ್ಣ ಜಾಮೀನು ಸಿಕ್ಕಿತು, ವೈದ್ಯರ ವರದಿಗಳನ್ನು ವಿಜಯವಾಡದ ನ್ಯಾಯಾಲಯಕ್ಕೆ ಒಪ್ಪಿಸುವಂತಾಯಿತು. ತಿಳಿಯಬೇಕಾದವರಿಗೆ ತಿಳಿಸು, ಉಳಿದವರಿಗೆ ಲಕೋಟೆ ತೋರಿಸು ಎಂಬ ಈ ಕಟ್ಟಳೆಯನ್ನು ನ್ಯಾಯಾಲಯ ಒಬ್ಬ ಕೈದಿಗೆ ವಿಧಿಸಿತ್ತು. ಮರುವರ್ಷ ಜೂನ್ 12ರಂದು ಆ ಕೈದಿ ವಿಜಯವಾಡದ ಹೊರವಲಯದ ಕೇಸರಪಲ್ಲಿಯಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮುಖ್ಯಮಂತ್ರಿಗೆ ಅಂಥ ಲಕೋಟೆಯ ಕಟ್ಟಳೆ ಯಾವುದೂ ಇಲ್ಲ.